ಎರಡನೇ ಪೆಡಲ್

ನಮ್ಮ ಕಲಿಸೂ ಕಾರಿಗೆ ಬ್ರೇಕ್ ಎರಡು.
ಒಂದು ಕಲಿಯಾವ್ರ ಕಾಲಾಗ, ಒಂದು ನನ್ನ ಕಾಲಾಗ,
ನಡುವ ಒಂದು ಸರಳು.
ಇಪ್ಪತ್ತೆರಡು ವರ್ಷ ಅದರ ಮ್ಯಾಲ ಪಾದ ಇಟ್ಟು
ಟಿಳಕವಾಡಿ ಮಂದಿ ಹೆದರಿಕಿ ಎಲ್ಲಾ
ಓದಿ ಮುಗಿಸೇನಿ ಅಂತ ತಿಳಕೊಂಡಿದ್ದೆ.

ಇಂದುಮತಿ ಕಾಂಬಳೆ, ವಯಸ್ಸು ನಲವತ್ತಾರು,
ದವಾಖಾನಿ ಇಸಿಜಿ ಖೋಲ್ಯಾಗ ಕೆಲಸ.
ಖಾನಾಪುರ ರಸ್ತೇದಾಗ ಐವತ್ತಕ್ಕ ಬಂದು ಬ್ರೇಕ್ ಒತ್ತಿದ್ಲಂದ್ರ
ನನ್ನ ಅಂಗಾಲಾಗ ಗಡಗಡ.
"ಕಾಲು ನಡಗಸಬ್ಯಾಡ್ರಿ ಬಾಯಾರ, ಉಸರು ಬಿಡ್ರಿ,
ಬ್ರೇಕ್ ಅಂದ್ರ ಹಾವಲ್ಲ."
"ನನ್ನ ಕಾಲಲ್ರಿ ಸರ್, ಗಾಡಿ."
ಎಲ್ಲಾರೂ ಹಂಗಽ ಅಂತಾರ.
ಕ್ಲಚ್ ಸುಟ್ಟಾವ್ರೂ ಗಾಡೀನಽ ಬೈದಾರ.

ಮೂರನೇ ವಾರ ಗಾಡಿ ಬದಿಗೆ ಹಚ್ಚಿ ಹೇಳಿದ್ಲು:
"ದಿನಾ ನಲವತ್ತು ಎದಿ ನೋಡತೇನ್ರಿ ಕಾಗದದ ಮ್ಯಾಲ.
ಅಂಜಿದವನ ಗೆರಿ ಎಂದೂ ಒಂದಽ ಅಳತೀಲೆ ನಡಗೂದಿಲ್ಲ.
ನಡಗಿತಂದ್ರ, ಎಲ್ಲ್ಯೋ ವಾಯರ್ ಕೆಟ್ಟಿರತೈತಿ.
ಇದು ಗಾಲಿ ಎಣಿಸಿಧಂಗ ನಡಗತೈತಿ,
ಗಾಲಿ ಮೆತ್ತಗಾದ್ರ ಅದೂ ಮೆತ್ತಗ. ನೋಡ್ರಿ ಬೇಕಾದ್ರ."
ನಾ ನೋಡಲಿಲ್ಲ. ನಕ್ಕೆ.
ಮರುದಿನದಿಂದ ಅಕಿ ಬರಲಿಲ್ಲ.
ಆರು ಕ್ಲಾಸಿನ ರೊಕ್ಕ ನನ್ನ ಕಡೇಕಽ ಉಳೀತು.

ಒಂದು ಐತವಾರ ಗಾಡ್ಯಾಗ ನಾ ಒಬ್ಬನಽ.
ಮೂರನೇ ಗೇಟಿನ ಮೇಲ್ಸೇತುವೆ ಇಳಿಯೂವಾಗ ಬ್ರೇಕ್ ಒತ್ತಿದೆ.
ಸ್ಟೇರಿಂಗ್ ಹಲ್ಲು ಕಡೀತು.
ಬೈಯಾಕ ಬಾಜೂಕ ಯಾರೂ ಇರಲಿಲ್ಲ.

ಉದ್ಯಮಬಾಗದಾಗ, ಫೌಂಡ್ರಿ ಗ್ವಾಡಿಗೆ ಹತ್ತಿ, ಮೀರಾಸಾಬನ ಗ್ಯಾರೇಜು.
"ಸ್ಟೇರಿಂಗ್ ನಡಗತದೋ, ಕುಂಡಿ ಕೆಳಗ ಸೀಟು ನಡಗತದೋ?"
ಸ್ಟೇರಿಂಗ್, ಅಂದೆ.
ಖುಲ್ಲಾ ರಸ್ತೇಕ್ಕ ಒಯ್ದು ಹ್ಯಾಂಡ್ ಬ್ರೇಕ್ ಅಷ್ಟಽ ಸಾವಕಾಶ ಎಳದ.
ಗಪ್ಪ.
"ಹಿಂದಿನ ಗಾಲೀದು ಪಾಪ, ಏನೂ ತಪ್ಪಿಲ್ಲ."

ಮುಂದಿನ ಗಾಲಿ ಬಿಚ್ಚಿ, ಡಿಸ್ಕಿಗೆ ಡಯಲ್ ಗೇಜಿನ ಮೂತಿ ಹಚ್ಚಿ
ಕೈಲೆ ತಿರುವಿದ. ಮುಳ್ಳು ಹನ್ನೆರಡು ಗೀರು ಹೋಗಿ ಬಂತು.
ಉಬ್ಬಿದಲ್ಲೆ ಖಡುವಿನ ಗುರ್ತು.
ಡಿಸ್ಕ್ ತಗದು, ಎರಡು ತೂತು ಸರಿಸಿ ಹಾಕಿ, ಮತ್ತ ತಿರುವಿದ.
ಖಡು ಸರೀತು, ಉಬ್ಬು ಸರೀಲಿಲ್ಲ.
"ರೋಗ ಇದರದಲ್ಲ ಮಾಸ್ತರ,
ಇದರ ಬೆನ್ನಿಗೆ ಕುಂತಾವಂದು."

ಹಬ್ಬಿನ ಮಾರಿ ಮ್ಯಾಲ ಗುರೆಳ್ಳಿನಷ್ಟು ತುಕ್ಕು.
ಅದಕ್ಕ ಒರಗಿ ಸೊಟ್ಟ ತಿರಗಿ ತಿರಗಿ
ಡಿಸ್ಕ್ ಒಂದು ಕಡೆ ತೆಳ್ಳಗಾಗಿತ್ತು.
ಯುಗಾದಿ ಮುಂದ ಅದನ್ನ ಹಾಕಿದ ಹುಡುಗ
"ಉಜ್ಜಿ ಕೂಡಸತೇನ್ರಿ, ಹತ್ತು ಮಿಂಟು" ಅಂದಿದ್ದ.
"ಹನ್ನೊಂದಕ್ಕ ಕ್ಲಾಸ್ ಐತಿ, ಹಂಗಽ ಹಾಕಲೇ"
ಅಂದಾವ ನಾನಽ.

ಪಾಲಿಶ್ ಕಾಗದಲೆ ಉಜ್ಜಿದ. ಲೇಥಿನ್ಯಾಗ ಡಿಸ್ಕ್ ತಿರಗತು,
ಬೀಡಿನ ಕರೀ ಪುಡಿ ನನ್ನ ಇಸ್ತ್ರಿ ಅಂಗಿ ಮ್ಯಾಲ.
ಒಂದು ನಟ್ಟು ಬಿಗದಮ್ಯಾಲ ಅದರ ಎದುರಿಂದು ಬಿಗದ,
"ಜಗಳ ಬಿಡಸಾವ ಎರಡೂ ಕಡೆ ಹಿಡೀಬೇಕಲ್ಲ, ಹಂಗ."
ಮುಳ್ಳು ಎರಡು ಗೀರಿನಾಗ ಹೊರಳಾಡಿ ಮಲಗಿತು.

ಫೋನ್ ಮಾಡಾಕ ನಾಕು ದಿನ ಹಿಡೀತು.
"ಏನಾಗಿತ್ರಿ ಸರ್?"
"ತುಕ್ಕು."
"ಎಲ್ಲಿ?"
ಹಬ್ಬಿನ್ಯಾಗ, ಅಂದೆ.
ಆ ಕಡೆ ಯಾವುದೋ ಮಷೀನ್ ಕಾಗದ ಎಳಿಯೂ ಸಪ್ಪಳ.
"ನಾಳೆ ಆರೂವರಿಗೆ ಬರತೇನಿ."

ಅದಽ ಮೇಲ್ಸೇತುವೆ. ಮುಂದ ಕಬ್ಬಿನ ಟ್ರ್ಯಾಕ್ಟರ್, ಹಿಂದ ಎರಡು ಟ್ರೇಲರ್.
ಒತ್ತಿದ್ಲು. ಸ್ಟೇರಿಂಗ್ ಸುಮ್ಮ.
ಖರೆ ನನ್ನ ಅಂಗಾಲಾಗ ಸಣ್ಣದೊಂದು ನಡುಕ,
ತಾಳ ಇಲ್ಲ, ಎಣಿಕಿ ಇಲ್ಲ, ನಿಂತು ನಿಂತು.
"ಈಗ ನಡಗಾಕತ್ತಿದ್ದು ನನ್ನ ಕಾಲಽ ರಿ ಸರ್" ಅಂದ್ಲು
ಕಬ್ಬಿನ ಮ್ಯಾಲಿನ ಕಣ್ಣು ತಗೀಲಾರದ.

"ಗೊತ್ತಾತ್ರಿ" ಅಂದು
ನನ್ನ ಪೆಡಲಿನಿಂದ ಕಾಲು ತಗದೆ.